ಕಂಬಳಿಯೊಳಗಿನ ಕೆಂಪಸಿದ್ದಯ್ಯ

ನಮ್ಮ ಕೊತ್ತತ್ತಿಯಲ್ಲಿ ಪೋಸ್ಟ್‌ಮ್ಯಾನ್ ಸೈಕಲ್ಲಿನ ಗಂಟೆ ಕೇಳಿಸಿದರೆ ಎಲ್ಲರೂ ಬಾಗಿಲಿಗೆ ಬರುತ್ತಾರೆ. ಪಕ್ಕದ ಮನೆಯ ಕೆಂಪಸಿದ್ದಯ್ಯ ಮಾತ್ರ ಒಳಗೆ ಓಡಿಹೋಗಿ ಮಲಗುತ್ತಿದ್ದ. ಹೆಂಡತಿ ಬೆಟ್ಟಮ್ಮ ಅವನಿಗೆ ಕತ್ತಿನವರೆಗೆ ಕಂಬಳಿ ಹೊದಿಸುತ್ತಿದ್ದಳು. ಎಂಥ ಸುಡುಬಿಸಿಲಿರಲಿ, ಕಂಬಳಿ ತಪ್ಪುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಪುಟ್ಟಮಾದಯ್ಯ ಒಳಗೆ ಬಂದು ಮನಿಯಾರ್ಡರಿಗೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುವವರೆಗೂ ಆ ಗಟ್ಟಿಮುಟ್ಟಾದ ಗಂಡಸು ಬೆವರು ಸುರಿಸುತ್ತಾ ನರಳುತ್ತಿದ್ದ.

ನಾನು ಯಶೋದಮ್ಮ, ಊರಿನ ಮಹಿಳಾ ಮಂಡಳಿಯನ್ನು ನೋಡಿಕೊಳ್ಳುವವಳು. ನನ್ನ ಬಾಯಿ ಜೋರು ಅನ್ನುತ್ತಾರೆ. ಅನ್ನಲಿ ಬಿಡಿ, ಈ ಕಥೆ ಹೇಳುವುದಕ್ಕೆ ಜೋರು ಬಾಯೇ ಬೇಕು.

ಕೆಂಪಸಿದ್ದಯ್ಯ ರೋಗಿಯಲ್ಲ. ಅವನಿಗೆ ಬಲಗೈ ಇಲ್ಲ, ಅಷ್ಟೆ. ಎಪ್ಪತ್ನಾಲ್ಕನೇ ಇಸವಿಯ ಸುಗ್ಗಿಯಲ್ಲಿ, ಬೆಲ್ಲ ಮಾಡುವ ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ಕೈಯೂ ಜೊತೆಗೆ ಹೋಯಿತು. ಅದಕ್ಕೆ ಮೊದಲು ಅವನು ಕಬ್ಬಿನ ಹಾಲು ಕಾಯುವ ಕೊಪ್ಪರಿಗೆಯ ಮುಂದೆ ನಿಂತು ಪಾಕ ಕದಡುತ್ತಿದ್ದ. ಕೈ ಹೋದ ಮೇಲೆ ಕೆಲವು ವರ್ಷ ಜಗುಲಿಯೇ ಗತಿಯಾಯಿತು. ಆಮೇಲೆ ಅಂಗವಿಕಲರಿಗೆ ಪಿಂಚಣಿ ಬರುವಂತಾಯಿತು. ಬೆಟ್ಟಮ್ಮ ಮಂಡ್ಯಕ್ಕೆ ಅಲೆದು ಅಲೆದು ಅದನ್ನು ಮಾಡಿಸಿಕೊಂಡಳು. ಮನೆಯಲ್ಲಿ ಮುದ್ದೆ ಬೇಯುತ್ತಿದ್ದುದು ಅದರಿಂದಲೇ.

ಆದರೆ ಊರಲ್ಲಿ ಒಂದು ಮಾತು ಹಬ್ಬಿತ್ತು. ದುಡಿಯುವುದನ್ನು ಯಾರಾದರೂ ಕಂಡರೆ ಪಿಂಚಣಿ ಕಟ್ ಮಾಡಿಬಿಡುತ್ತಾರಂತೆ. ಯಾರು ಹೇಳಿದರು, ಎಲ್ಲಿ ಬರೆದಿದೆ, ಯಾರಿಗೂ ಗೊತ್ತಿಲ್ಲ. ಬೆಟ್ಟಮ್ಮನಿಗೆ ಅಷ್ಟು ಸಾಕಾಯಿತು. ಗಂಡ ಒಂದು ಕೊಡ ನೀರು ತಂದರೂ ಗದರಿಸುತ್ತಿದ್ದಳು. ಪೋಸ್ಟ್‌ಮ್ಯಾನ್ ಕಂಡರೆ ಮೇಲಕ್ಕೆ ಬರೆದುಹಾಕುತ್ತಾನೆ ಎಂದು ಅವಳ ಭಯ. ಪಾಪದ ಪುಟ್ಟಮಾದಯ್ಯ ಯಾರಿಗೆ ಏನು ಬರೆದಾನು!

ಕಬ್ಬಿನ ಕಾಲ ಬಂದರೆ ನಮ್ಮೂರಿನ ಗಾಳಿಯೇ ಸಿಹಿಯಾಗುತ್ತದೆ. ಆಲೆಮನೆಯ ಬಿಳೀ ಹಬೆ ಬೆಳಗಿನ ಮಂಜಿನೊಳಗೆ ಸೇರಿಕೊಂಡು ಗದ್ದೆಯ ಮೇಲೆ, ನಾಲೆಯ ಮೇಲೆ ತೇಲುತ್ತಾ ಬರುತ್ತದೆ. ಯಾವುದು ಮಂಜು, ಯಾವುದು ಬೆಲ್ಲದ ಹಬೆ ಎಂದು ತಿಳಿಯುವುದಿಲ್ಲ. ಅದು ಬೀದಿಗೆ ಬಂದಾಗ ಕೆಂಪಸಿದ್ದಯ್ಯ ಜಗುಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚುತ್ತಿದ್ದ. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಆಗ ಅವನ ಎಡಗೈ ತಾನಾಗಿಯೇ ಗಾಳಿಯಲ್ಲಿ ಸುತ್ತುತ್ತಿತ್ತು.

ಒಂದು ದಿನ ನಾನು ಏನಯ್ಯ ಅದು ಎಂದು ಕೇಳಿದೆ.

"ಕನಸು ಕಣಕ್ಕ," ಅಂದ. "ಕೊಪ್ಪರಿಗೆ ಮುಂದೆ ನಿಂತಿರ್ತೀನಿ. ಎರಡು ಕೈನೂ ಇರ್ತವೆ. ಪಾಕ ಬರೋ ಒತ್ತಿಗೆ ಎಚ್ಚರ ಆಗೋಯ್ತದೆ. ಒಂದ್ಸಲಾನೂ ಒಲೆಯಿಂದ ಇಳಿಸಿಲ್ಲ."

ನಾನು ಮನೆಗೆ ಹೋಗಿ ಅವನಿಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟೆ.

ಆ ವರ್ಷ ಮಳೆಗಾಲದಲ್ಲಿ ಮಂಡ್ಯದಿಂದ ಗೋದಾ ಬಂದಳು. ಹಿಂದೆ ನಮ್ಮೂರಲ್ಲಿ ಪಾಠ ಹೇಳಿದ್ದ ಮೇಷ್ಟ್ರು ಪಾರ್ಥಸಾರಥಿಯವರ ಮಗಳು, ಒಂದು ಸೇವಾ ಸಂಘದಲ್ಲಿ ಕೆಲಸ. ಬಸ್ಸಿಳಿದು, ಕೆಸರಾದ ಸೀರೆಯ ಅಂಚು ಎತ್ತಿಕೊಂಡು ನೇರ ನನ್ನ ಮನೆಗೆ ಬಂದಳು. ನಾನು ಅವಳನ್ನು ಬೆಟ್ಟಮ್ಮನ ಜಗುಲಿಗೆ ಕರೆದೊಯ್ದೆ. ಬೆಟ್ಟಮ್ಮ ಮೊದಲು ಒಳಗೆ ಹೋಗಿ ಗಂಡನಿಗೆ ಕಂಬಳಿ ಹೊದಿಸಿ ಬಂದಳು.

ಗೋದಾ ನಕ್ಕಳು, ಆದರೆ ಬೇಸರ ಮಾಡಿಕೊಳ್ಳಲಿಲ್ಲ. ಬಂದ ಕೆಲಸವನ್ನು ಬಿಡಿಸಿ ಹೇಳಿದಳು. ಪಿಂಚಣಿ ಬರುವವರನ್ನು ದುಡಿಯಲು ಬಿಟ್ಟು, ಪಿಂಚಣಿಯನ್ನೂ ನಿಲ್ಲಿಸದಿದ್ದರೆ ಏನಾಗುತ್ತದೆ? ಜನ ಧೈರ್ಯವಾಗಿ ಕೆಲಸಕ್ಕೆ ಹೋಗುತ್ತಾರೆ ಎಂದು ಕೆಲವರು. ಹಾಗೇನಿಲ್ಲ, ಕೂತು ಉಣ್ಣುತ್ತಾರೆ ಎಂದು ಇನ್ನು ಕೆಲವರು. ಬಾಯಿಮಾತಿನಲ್ಲಿ ಇದು ತೀರುವುದಿಲ್ಲ, ಮಾಡಿ ನೋಡಬೇಕು. ಅದಕ್ಕೆ ಅಧಿಕಾರಿಗಳ ಒಪ್ಪಿಗೆ ಪಡೆದು ಸಂಘದವರು ಒಂದು ಪ್ರಯೋಗ ಮಾಡಲು ಹೊರಟಿದ್ದರು.

"ಪ್ರಯೋಗ ಹೇಗಿರಬೇಕು ಅಂತ ನಿಮ್ಮನ್ನೇ ಕೇಳೋಕೆ ಬಂದೆ," ಅಂದಳು ಗೋದಾ. "ಬದುಕೋರು ನೀವು. ನಾವೇ ಕೂತು ಬರೆದರೆ ಎಲ್ಲೋ ತಪ್ಪುತ್ತೆ."

ತಪ್ಪಿಯೂ ಇತ್ತು. ಕೆಲಸ ಹಿಡಿದವರಿಗೆ ಒಂದು ಸುಗ್ಗಿ ಮುಗಿಯುವವರೆಗೆ ಪಿಂಚಣಿ ಉಂಟು, ಆಮೇಲೆ ನೋಡೋಣ ಎಂದು ಅವರು ಯೋಚಿಸಿದ್ದರು. ಅದನ್ನು ಕೇಳಿದ್ದೇ ತಡ, ಬೆಟ್ಟಮ್ಮ ಸೆರಗು ಬಿಗಿದುಕೊಂಡು ನಿಂತಳು.

"ಆಲೆಮನೆ ಕೆಲ್ಸ ವರ್ಸ ಪೂರ್ತಿ ಇರಾಕಿಲ್ಲ ಕಣವ್ವ. ಗಾಣ ನಿಂತ ಮ್ಯಾಲೆ ಏನ್ ಉಣ್ಣದು? ಪಿಂಚಣಿ ಮತ್ತೆ ಬೇಕು ಅಂದ್ರೆ ಮೊದ್ಲಿಂದ ಅಲೀಬೇಕು. ಆ ಆಫೀಸಿನ ಮೆಟ್ಲು ಸವೆಸಿರೋಳು ನಾನು. ಇನ್ನೊಂದ್ಸಲ ನನ್ ಕೈಲಾಗಾಕಿಲ್ಲ."

ಒಳಗಿನಿಂದ ಕಂಬಳಿಯೂ ಮಾತಾಡಿತು. ನಾಲ್ಕು ದಿನ ಹೋಗಿ ಆಗುವುದಿಲ್ಲ ಎಂದು ವಾಪಸ್ ಬಂದರೆ ಏನು ಗತಿ ಎಂದು ಕೆಂಪಸಿದ್ದಯ್ಯ ಮಲಗಿದಲ್ಲಿಂದಲೇ ಕೇಳಿದ. ಬೆಟ್ಟಮ್ಮ ಹಣೆ ಚಚ್ಚಿಕೊಂಡಳು. ರೋಗಿಯ ದನಿ ಅಷ್ಟು ಗಟ್ಟಿಯಾಗಿದ್ದರೆ ನಾಟಕ ನಡೆದ ಹಾಗೆಯೇ.

ಗೋದಾ ಎಲ್ಲವನ್ನೂ ಮನಸ್ಸಿಟ್ಟು ಕೇಳಿಕೊಂಡು ಹೋದಳು. ಯಲಿಯೂರಿನಲ್ಲೂ ಮದ್ದೂರು ಕಡೆಯ ಹಳ್ಳಿಗಳಲ್ಲೂ ಹೀಗೆಯೇ ಕೇಳಿದಳಂತೆ. ಮತ್ತೆ ಬಂದಾಗ ಪ್ರಯೋಗದ ರೂಪವೇ ಬದಲಾಗಿತ್ತು. ಇಷ್ಟವಿದ್ದವರು ಮಾತ್ರ ಸೇರಬಹುದು. ಪ್ರಯೋಗ ನಡೆಯುವಷ್ಟು ವರ್ಷವೂ, ಕೆಲಸ ಇರಲಿ ಬಿಡಲಿ, ಪಿಂಚಣಿ ತಪ್ಪುವುದಿಲ್ಲ. ಆಗದಿದ್ದರೆ ಯಾವತ್ತು ಬೇಕಾದರೂ ಮನೆಗೆ ಬರಬಹುದು, ಹೊಸದಾಗಿ ಅರ್ಜಿ ಹಾಕಬೇಕಾಗಿಲ್ಲ. ಕೆಲಸಕ್ಕೆ ಏನಾದರೂ ಸಲಕರಣೆ ಬೇಕಾದರೆ ಸಂಘವೇ ಮಾಡಿಸಿಕೊಡುತ್ತದೆ.

ಆದರೆ ಎಲ್ಲರೂ ಒಟ್ಟಿಗೆ ಶುರು ಮಾಡುವಂತಿರಲಿಲ್ಲ. ಅರ್ಧ ಜನ ಈ ಸುಗ್ಗಿಗೆ, ಉಳಿದವರು ಮುಂದಿನ ಸುಗ್ಗಿಗೆ. ಯಾರು ಮೊದಲು ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡುವುದು. ಯಾಕೆ ಎಂದು ನಾನೇ ಜಗಳಕ್ಕೆ ನಿಂತೆ.

"ಯಶೋದಮ್ಮೋರೆ, ಕಬ್ಬು ಚೆನ್ನಾಗಿ ಬಂದ ವರ್ಷ ಎಲ್ಲರಿಗೂ ಕೆಲಸ ಸಿಗುತ್ತೆ," ಅಂದಳು ಗೋದಾ. "ಕಬ್ಬಿನಿಂದ ಸಿಕ್ತೋ, ನಮ್ಮ ಭರವಸೆಯಿಂದ ಸಿಕ್ತೋ, ಹೇಗೆ ಗೊತ್ತಾಗಬೇಕು? ಕಾಯೋರನ್ನೂ ಶುರು ಮಾಡಿದೋರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತೆ. ಚೀಟಿ ಎತ್ತಿದರೆ ಬೇಕಾದವರು, ಬೇಡದವರು ಅನ್ನೋ ಮಾತು ಬರಲ್ಲ."

ನನಗೆ ಅರ್ಥವಾಯಿತು. ಬೆಟ್ಟಮ್ಮನಿಗೂ ಆಯಿತು ಎಂದುಕೊಂಡೆ. ಅವಳ ತಲೆಯಲ್ಲಿ ಬೇರೆಯೇ ನಡೆದಿತ್ತು.

ನಮ್ಮ ಕಡೆ ಏನೇ ಕೆಲಸಕ್ಕೆ ಕೈ ಹಾಕುವ ಮೊದಲು ಗುಡಿಯಲ್ಲಿ ಹೂ ಕೇಳುತ್ತೇವೆ. ಮಾರಮ್ಮನ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಆಗಲಿ ಎಂದರ್ಥ, ಎಡಕ್ಕೆ ಬಿದ್ದರೆ ಬೇಡ. ಬೆಟ್ಟಮ್ಮ ಚೀಟಿ ಎತ್ತುವ ಹಿಂದಿನ ದಿನವೇ ಹೂ ಕೇಳಿದ್ದಳು. ಬಲಕ್ಕೇ ಬಿದ್ದಿತ್ತು. ಆ ಖುಷಿಯಲ್ಲಿ ಗಂಡನ ಪಂಚೆ ಒಗೆದು ಮಡಿಸಿಟ್ಟು ಬಂದಿದ್ದಳು. ಸ್ಕೂಲಿನ ಪಡಸಾಲೆಯಲ್ಲಿ ಚೊಂಬಿನೊಳಗಿಂದ ಚೀಟಿ ಎತ್ತಿದರು. ಕೆಂಪಸಿದ್ದಯ್ಯನ ಹೆಸರು ಮುಂದಿನ ಸುಗ್ಗಿಯವರ ಕಡೆ ಹೋಯಿತು.

ಬೆಟ್ಟಮ್ಮನ ಮುಖ ಬಿಳಿಚಿಕೊಂಡಿತು. ಮಾರಮ್ಮ ಮನಸ್ಸು ಬದಲಾಯಿಸಿದಳು, ಈ ಕೆಲಸ ನಮಗೆ ಆಗಿಬರುವುದಿಲ್ಲ ಎಂದಳು. ಚೀಟಿಯೂ ಅವಳಿಗೆ ಹೂವೇ. ಯಾರು ಏನೆಂದರೂ ಕೇಳದೆ ಗಂಡನನ್ನು ಮನೆಗೆ ಎಳೆದುಕೊಂಡು ಹೋದಳು.

ಅವತ್ತು ಪೋಸ್ಟ್‌ಮ್ಯಾನ್ ಬರುವ ದಿನವಲ್ಲ. ಆದರೂ ಕೆಂಪಸಿದ್ದಯ್ಯ ಕಂಬಳಿಯನ್ನು ತಾನೇ ಎಳೆದುಕೊಂಡು ಮಲಗಿದ. ಮರುದಿನವೂ ಏಳಲಿಲ್ಲ. ಆಲೆಮನೆಯ ಹಬೆ ಬೀದಿಗೆ ಬಂತು, ಅವನು ಗೋಡೆಯ ಕಡೆ ತಿರುಗಿಕೊಂಡ. ಬೆಟ್ಟಮ್ಮ ಹೊದಿಸುತ್ತಿದ್ದುದು ಸುಳ್ಳು ರೋಗಿಗೆ. ಈಗ ಒಳಗಿದ್ದವನು ನಿಜವಾದ ರೋಗಿ. ಅವಳಿಗೆ ಹೆದರಿಕೆಯಾಗಿ ನನ್ನ ಬಳಿ ಬಂದು ಅತ್ತಳು.

ನಾನು ಗೋದಾಳಿಗೆ ಹೇಳಿಕಳಿಸಿದೆ. ಅವಳು ಬಂದವಳು ನೀರುಗಂಟಿ ನಿಂಗಯ್ಯನನ್ನೂ ಜೊತೆಗೆ ಕರೆದುಕೊಂಡು ಬಂದಳು. ನಾಲೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಬಿಡುವವನು ಅವನು. ಜಗುಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ನಿಧಾನವಾಗಿ ಮಾತು ತೆಗೆದ.

"ಬೆಟ್ಟಮ್ಮ, ಮೊದ್ಲು ಮ್ಯಾಗಡೆ ಗದ್ದೆಗೆ ನೀರು ಬುಡ್ತೀನಿ. ಆಮ್ಯಾಕೆ ಕೆಳಗಡೆ ಗದ್ದೆಗೆ. ಕೆಳಗಡೆಯೋರ ಮ್ಯಾಲೆ ಮಾರಮ್ಮ ಮುನಿಸ್ಕಂಡವ್ಳೆ ಅಂತಾನಾ?"

ಬೆಟ್ಟಮ್ಮ ಅಲ್ಲ ಎಂದು ತಲೆಯಾಡಿಸಿದಳು.

"ಸರದಿ ಕಣಮ್ಮ ಅದು. ಅವ್ವ ಹೂ ಕೊಟ್ಟಾಯ್ತು. ಚೀಟಿ ಹೇಳೋದು ಬರೀ ಸರದಿಯ. ನಿನ್ ಗದ್ದೆಗೂ ನೀರು ಬತ್ತದೆ."

ಒಳಗೆ ಕಂಬಳಿ ಅಲುಗಾಡಿತು. ಗೋದಾ ಬಾಗಿಲ ಬಳಿ ಹೋಗಿ, ಕಾಯುವವರಿಗೂ ಈ ಪ್ರಯೋಗದಲ್ಲಿ ಕೆಲಸವಿದೆ ಎಂದಳು. ಹೇಗಿದ್ದೀರಿ, ಏನು ಮಾಡುತ್ತೀರಿ ಎಂದು ಕೇಳಲು ಬಂದಾಗ ನಿಜ ಹೇಳಬೇಕು, ಅದೇ ಕೆಲಸ. ಕಂಬಳಿ ಹೊದ್ದರೆ ಲೆಕ್ಕವೇ ಸುಳ್ಳಾಗುತ್ತದೆ.

ಕೆಂಪಸಿದ್ದಯ್ಯ ಎದ್ದು ಕೂತ. ಆದರೆ ಬೆಟ್ಟಮ್ಮ ಅಷ್ಟು ಸುಲಭಕ್ಕೆ ನಂಬುವವಳಲ್ಲ. ಸುಗ್ಗಿಯ ನಡುವೆ ನನ್ನನ್ನು ಕಟ್ಟಿಕೊಂಡು ಯಲಿಯೂರಿಗೆ ಹೊರಟಳು. ಅಲ್ಲಿ ಸಿದ್ದರಾಜು ಎಂಬ ಹುಡುಗನಿಗೆ ಕಾಲು ಊನ, ಮೊದಲ ಸರದಿಯಲ್ಲೇ ಹೆಸರು ಬಂದಿತ್ತು. ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಹೆಚ್ಚು ಹೊತ್ತು ನಿಲ್ಲಲಾಗದೆ ಬಿಟ್ಟು ಬಂದಿದ್ದ. ನಾನು ಗೆದ್ದವರನ್ನು ತೋರಿಸೋಣ ಎಂದರೆ ಇವಳು ಸೋತವನ ಮನೆಯನ್ನೇ ಹುಡುಕಿಕೊಂಡು ಹೋದಳು.

ಸಿದ್ದರಾಜು ಮುಖ ಸಣ್ಣದು ಮಾಡಿಕೊಂಡಿರಲಿಲ್ಲ. ಕುಳಿತು ಮಾಡುವ ಕೆಲಸ ಸಿಕ್ಕರೆ ಮತ್ತೆ ಹೋಗುತ್ತೇನೆ ಎಂದ. ಪಿಂಚಣಿ ಬರುತ್ತಿದೆಯಾ ಎಂದು ಬೆಟ್ಟಮ್ಮ ಅವನ ತಾಯಿಯನ್ನು ಮತ್ತೆ ಮತ್ತೆ ಕೇಳಿದಳು. ತಪ್ಪದೆ ಬರುತ್ತಿತ್ತು. ವಾಪಸ್ ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ಬಹಳ ಹೊತ್ತು ಕಬ್ಬಿನ ಗದ್ದೆ ನೋಡುತ್ತಿದ್ದಳು. ಸಂಜೆಯ ಬಿಸಿಲಿನಲ್ಲಿ ಗದ್ದೆಗಳೆಲ್ಲ ತೂಕಡಿಸುತ್ತಿದ್ದವು.

"ಬಿದ್ರೂ ಎತ್ತೋರವ್ರೆ, ಯಸೋದಕ್ಕ," ಅಂದಳು. "ಇನ್ ನಮ್ಮೋರೂ ಕೆಲ್ಸಕ್ ಓಗ್ಲಿ ಬುಡು."

ಕಾಯುವ ವರ್ಷವನ್ನು ಕೆಂಪಸಿದ್ದಯ್ಯ ಸುಮ್ಮನೆ ಕಳೆಯಲಿಲ್ಲ. ದಿನಾ ಸಂಜೆ ಎಡಗೈಯಲ್ಲಿ ಮುದ್ದೆಕೋಲು ಹಿಡಿದು ಮುದ್ದೆ ತಿರುವುತ್ತಿದ್ದ. ಮೊದಲು ಮುದ್ದೆ ಗಂಟುಗಂಟಾಗುತ್ತಿತ್ತು. ಅದನ್ನು ನುಂಗುತ್ತಾ ಬೆಟ್ಟಮ್ಮ ಗಂಡನ ಏಳು ತಲೆಮಾರಿಗೂ ಬೈಯುತ್ತಿದ್ದಳು. ಬರಬರುತ್ತಾ ಮುದ್ದೆ ನಯವಾಯಿತು, ಬೈಗುಳ ಮಾತ್ರ ಹಾಗೆಯೇ ಉಳಿಯಿತು.

ಮುಂದಿನ ಸುಗ್ಗಿ ಬಂತು. ಸಂಘದವರು ಪಾಕ ಕದಡುವ ಗೋರೆಯ ಹಿಡಿಗೆ ಚರ್ಮದ ಪಟ್ಟಿ ಹಾಕಿಸಿ, ಅದು ಅವನ ಮೊಂಡು ತೋಳಿಗೆ ಸರಿಯಾಗಿ ಕೂರುವಂತೆ ಮಾಡಿಸಿಕೊಟ್ಟರು. ಆಲೆಮನೆಯ ಯಜಮಾನರು ಗಾಣದ ಹತ್ತಿರ ಬಿಡದೆ ಕೊಪ್ಪರಿಗೆಯ ಮುಂದೆ ಜಾಗ ಕೊಟ್ಟರು. ಮೊದಲ ದಿನ ತೋಳು ಊದಿಕೊಂಡಿತು. ಬೆಟ್ಟಮ್ಮ ಹರಳೆಣ್ಣೆ ಹಚ್ಚಿದಳು. ಮರುದಿನ ಬೇಡ ಎನ್ನಲಿಲ್ಲ, ಬುತ್ತಿ ಕಟ್ಟಿಕೊಟ್ಟಳು.

ಒಂದು ಬೆಳಿಗ್ಗೆ ಸೈಕಲ್ ಗಂಟೆ ಕೇಳಿಸಿತು. ನಾನು ಅಭ್ಯಾಸದಂತೆ ಕಿಟಕಿಗೆ ಬಂದೆ. ಬೆಟ್ಟಮ್ಮ ಬಾಗಿಲಲ್ಲಿ ನಿಂತಿದ್ದಳು. ಕಂಬಳಿ ಒಗೆದು ಬೇಲಿಯ ಮೇಲೆ ಹರವಿತ್ತು. ರೋಗಿ ಹೇಗಿದ್ದಾನೆ ಎಂದು ಪುಟ್ಟಮಾದಯ್ಯ ಕೇಳಿದ.

"ಆಲೆಮನೇಲವ್ರೆ ಕಣಣ್ಣ," ಅಂದಳು ಬೆಟ್ಟಮ್ಮ, ಬೀದಿಗೆಲ್ಲ ಕೇಳಿಸುವ ಹಾಗೆ. "ಅಲ್ಲಿಗೇ ಓಗಿ ಒತ್ತಿಸ್ಕೊ."

ನನಗೆ ತಡೆಯಲಾಗಲಿಲ್ಲ, ಸೈಕಲ್ಲಿನ ಹಿಂದೆಯೇ ಹೋದೆ. ಮಂಜು ಇನ್ನೂ ಕರಗಿರಲಿಲ್ಲ. ಹಬೆಯೊಳಗಿಂದ ಕೆಂಪಸಿದ್ದಯ್ಯ ಹೊರಗೆ ಬಂದು ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತಿದ. ಕಾಗದ ಬೆರಳಿಗೆ ಅಂಟಿಕೊಂಡಿತು. ಬೆರಳೆಲ್ಲ ಬೆಲ್ಲ. ಪುಟ್ಟಮಾದಯ್ಯ ಕಾಗದ ಬಿಡಿಸಿಕೊಂಡು, ಮೂಸಿ ನೋಡಿ, ನಕ್ಕು, ಚೀಲಕ್ಕೆ ಹಾಕಿಕೊಂಡ. ಯಾರಿಗೂ ಏನೂ ಬರೆದುಹಾಕಲಿಲ್ಲ.

ಈಗಲೂ ಕನಸು ಬೀಳುತ್ತದಾ ಎಂದು ನಾನು ಕೇಳಿದೆ.

"ಬೀಳ್ತದೆ ಕಣಕ್ಕ," ಅಂದ. "ಈಗ ಕನಸ್ನಲ್ಲೂ ಒಂದೇ ಕೈ. ಆದ್ರೆ ಪಾಕ ಇಳಿಸ್ತೀನಿ."

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಪಿಂಚಣಿಯ ಭಯಕ್ಕೆ ಕಂಬಳಿಯೊಳಗೆ ಮಲಗಿಸಿದವರು ಇರಬಹುದು. ಬೀದಿಯ ಮಾತು ನಂಬಬೇಡಿ. ನಿಯಮ ಏನೆಂದು ತಿಳಿದವರನ್ನು ಹೋಗಿ ಕೇಳಿ. ಇಂಥ ಪ್ರಯೋಗ ನಿಮ್ಮೂರಿಗೆ ಬಂದರೆ ಬಾಗಿಲು ಹಾಕಿಕೊಳ್ಳಬೇಡಿ. ಪಿಂಚಣಿ ಉಳಿಯುತ್ತದಾ, ಆಗದಿದ್ದರೆ ವಾಪಸ್ ಬರಬಹುದಾ ಎಂದು ಬೆಟ್ಟಮ್ಮನ ಹಾಗೆ ಸೆರಗು ಬಿಗಿದು ಕೇಳಿ. ಯೋಜನೆ ಮಾಡುವ ದೊಡ್ಡವರಿಗೂ ಒಂದು ಮಾತು: ಬರೆಯುವ ಮೊದಲು ಜಗುಲಿಗೆ ಬಂದು ಕೂತು ಕೇಳಿ. ಸರದಿ ತಡವಾದರೆ ಯಾರೂ ಎದೆಗುಂದಬೇಡಿ. ಇವತ್ತು ಬಿಸಿಲು ಚೆನ್ನಾಗಿದೆ, ಕಂಬಳಿ ಒಗೆದು ಬೇಲಿಗೆ ಹಾಕಿ.