ಎತ್ತು ಹೆಂಗೆ ಕಾಣ್ತದೆ?

ಎತ್ತುಗಳು ಬದುವಿನ ಹತ್ತಿರ ಬಂದು ನಿಂತವು. ನೇಗಿಲ ಮೇಳಿ ಹಿಡಿದಿದ್ದ ಪಿಳ್ಳಪ್ಪನೂ ನಿಂತ. ನಿಂತವನು ಹಾಗೆಯೇ ನಿದ್ದೆ ಹೋದ. ಎಡಗಡೆಯ ಕೆಂದೆತ್ತು ಹಿಂದಿರುಗಿ ಒಮ್ಮೆ ನೋಡಿ, ಇನ್ನು ತನಗೂ ರಜೆಯೆಂದು ಗರಿಕೆಗೆ ಬಾಯಿ ಹಾಕಿತು.

"ನೋಡಮ್ಮ ನಿನ್ ಗಂಡನ್ನ," ಎಂದು ಪಿಳ್ಳಪ್ಪನ ಅಣ್ಣ ಅಪ್ಪಯ್ಯಣ್ಣ, ನೀರು ತಂದಿದ್ದ ಮುನಿತಾಯಮ್ಮನಿಗೆ ತೋರಿಸಿದ. "ನಿಂತ್ಕೊಂಡೇ ನಿದ್ದೆ ಮಾಡ್ತಾವ್ನೆ. ತನ್ನ ಕಾಯಿಲೆ ತಾನೇ ನೋಡ್ಕೊಂತಾನೆ ಅಂತಾಳಲ್ಲ ಆ ಡಾಕ್ಟ್ರಮ್ಮ. ಬರೋ ಸೋಮವಾರ ಆಸ್ಪತ್ರೇಲೇ ಬಿಟ್ಟು ಬರ್ತೀನಿ. ಈ ಸಲ ವಾಪಸ್ ಕರ್ಕೊಂಡ್ ಬರಲ್ಲ."

ಮುನಿತಾಯಮ್ಮ ಸೆರಗಿನ ಗಂಟನ್ನು ಬಿಗಿಮಾಡಿಕೊಂಡಳು.

ಅಪ್ಪಯ್ಯಣ್ಣನ ಮಾತಿಗೆ ಕಾರಣವಿಲ್ಲದೆ ಇರಲಿಲ್ಲ. ಹಿಂದಿನ ವರ್ಷ ಪಿಳ್ಳಪ್ಪ ಹದಿನೈದು ದಿನ ಕಣ್ಣು ಮುಚ್ಚದೆ, ಸೂಲಿಬೆಲೆ ಸುತ್ತಿನ ಏಳು ಊರು ಅಲೆದು, ಎಲೆ ಅಡಿಕೆ ಕೊಟ್ಟು ಈ ಕೆಂದೆತ್ತಿನ ಮದುವೆಗೆ ಜನರನ್ನು ಕರೆದು ಬಂದಿದ್ದ. ಎತ್ತಿಗೆ ಬೀಜ ಒಡೆಸಿ ಆರು ವರ್ಷವಾಗಿತ್ತು. ಅದಕ್ಕಿಂತ ದೊಡ್ಡ ಸೋಜಿಗವೆಂದರೆ ಕರೆದ ದಿನ ನಲವತ್ತು ಜನ ಬಂದೇಬಿಟ್ಟರು. ಊಟವಿದೆ ಎಂದಮೇಲೆ ಗಂಡು ಯಾರಾದರೇನು? ಮರುದಿನ ಪಿಳ್ಳಪ್ಪನನ್ನು ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಕರೆದೊಯ್ದರು. ಮೂರು ತಿಂಗಳು ಅಲ್ಲೇ ಇದ್ದ.

ಬಿಡುಗಡೆಯ ದಿನ ಡಾಕ್ಟರಮ್ಮ ಮಾತ್ರೆಯ ಸೀಸೆಯನ್ನು ಅಣ್ಣನ ಕೈಗೆ ಕೊಡದೆ ಪಿಳ್ಳಪ್ಪನ ಕೈಗೇ ಕೊಟ್ಟಿದ್ದರು.

"ಈ ಕಾಯಿಲೆ ಹೇಳದೆ ಕೇಳದೆ ಬರಲ್ಲ, ಪಿಳ್ಳಪ್ಪ. ನಿಮಗೆ ಮೊದಲು ಏನಾಗುತ್ತೆ, ಯೋಚನೆ ಮಾಡಿ ಹೇಳಿ."

ಪಿಳ್ಳಪ್ಪ ಯೋಚಿಸಿದ. ಅವನ ಕಾಯಿಲೆಯ ವಿಷಯವನ್ನು ಅವನನ್ನೇ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. "ಮೊದ್ಲು ನಿದ್ದೆ ಬರಲ್ಲ ಕಣಮ್ಮ. ಆಮೇಲೆ ಎತ್ತು ಸ್ಯಾನೆ ಚೆಂದ ಕಾಣ್ತದೆ."

ಅವರು ನಗಲಿಲ್ಲ, ಬರೆದುಕೊಂಡರು. "ಹಾಗಾದರೆ ದಿನಾ ಬೆಳಿಗ್ಗೆ ಎತ್ತು ನೋಡಿ. ಚೆಂದ ಕಂಡ ದಿನ ಬಸ್ಸು ಹತ್ತಿ ಬಂದುಬಿಡಿ. ಬಾಯಿ ಒಣಗಿದರೆ, ನಾಲಿಗೆ ದಪ್ಪ ಅನ್ನಿಸಿದರೆ, ಎದ್ದಾಗ ತಲೆ ತಿರುಗಿದರೆ ಮಾತ್ರೆ ಜಾಸ್ತಿಯಾಗಿದೆ ಅಂತ. ಆಗಲೂ ಬನ್ನಿ."

ಸರ್ಕಾರಿ ಕೆಲಸ ಸಿಕ್ಕಿದವನ ಗತ್ತಿನಲ್ಲಿ ಪಿಳ್ಳಪ್ಪ ಊರಿಗೆ ಬಂದ. ರಾತ್ರಿ ಒಂದು ಮಾತ್ರೆ ನುಂಗಿ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ ಎಳೆಯುವುದು, ಬೆಳಿಗ್ಗೆ ಎದ್ದು ಕೆಂದೆತ್ತನ್ನು ದಿಟ್ಟಿಸುವುದು. ಎತ್ತೇನೋ ಎತ್ತಿನ ಹಾಗೇ ಇತ್ತು. ಆದರೆ ನಾಲಿಗೆ ದಪ್ಪವಾಗುತ್ತ ಬಂತು, ಎದ್ದರೆ ಭೂಮಿ ತಿರುಗಿತು. ಹೇಳಿದರೆ ಮತ್ತೆ ಒಳಗೆ ಹಾಕಿಕೊಂಡಾರು ಎಂಬ ಹೆದರಿಕೆಯಿಂದ ಅವನು ಬಸ್ಸು ಹತ್ತಲಿಲ್ಲ.

ಅವನಿಗೆ ತಿಳಿಯದ ಸಂಗತಿ ಒಂದಿತ್ತು. "ಹುಚ್ಚನ ಕೈಗೆ ಹುಚ್ಚಿನ ಮಾತ್ರೆ ಕೊಟ್ರೆ ಅವ್ನು ತಿಂತಾನಾ?" ಎಂದು ಅಪ್ಪಯ್ಯಣ್ಣ ಡಾಕ್ಟರಮ್ಮ ಬರೆದ ಚೀಟಿ ತೋರಿಸಿ ಹೊಸಕೋಟೆಯ ಅಂಗಡಿಯಿಂದ ಇನ್ನೊಂದು ಸೀಸೆ ತಂದು ಮುನಿತಾಯಮ್ಮನಿಗೆ ಕೊಟ್ಟಿದ್ದ. ಅವಳು ದಿನಾ ಮಧ್ಯಾಹ್ನದ ಮುದ್ದೆಯಲ್ಲಿ ಒಂದು ಮಾತ್ರೆ ಹುದುಗಿಸುತ್ತಿದ್ದಳು. ಮುದ್ದೆಯನ್ನು ಅಗಿಯುವವರುಂಟೆ? ನುಂಗುವುದೇ. ಆ ಮುದ್ದೆಯನ್ನು ಕೊಂಚ ದೊಡ್ಡದಾಗಿ ಕಟ್ಟಿ, ಗುರುತಿಗೆ ನೆತ್ತಿಯ ಮೇಲೆ ಬೆರಳಿನಿಂದ ಒಂದು ಗುಳಿ ಒತ್ತುತ್ತಿದ್ದಳು. ಗಂಡ ಇನ್ನೊಮ್ಮೆ ಆ ಆಸ್ಪತ್ರೆಯ ಗೇಟಿನ ಒಳಗೆ ಹೋದರೆ ತಾನು ಬದುಕಲಾರೆ ಎಂದು ಅವಳಿಗೆ ಅನ್ನಿಸಿತ್ತು.

ಹೊಲದಲ್ಲಿ ಅಣ್ಣ ಆ ಮಾತಾಡಿದ ವಾರವೇ, ಶುಕ್ರವಾರ ಮೂರು ಗಂಟೆಗೆ ಹಾಲಿನ ಸಂಘದ ಅಧ್ಯಕ್ಷರ ಚುನಾವಣೆ. ಅದಕ್ಕೆ ನಿಂತಿದ್ದ ಅಪ್ಪಯ್ಯಣ್ಣ ಇಸ್ತ್ರಿ ಶರ್ಟು ಹಾಕಿ ಊಟಕ್ಕೆ ಕುಳಿತ. ಅಷ್ಟರಲ್ಲಿ ಹಸು ಹಗ್ಗ ಕಿತ್ತುಕೊಂಡು ಪಕ್ಕದ ಹೊಲಕ್ಕೆ ನುಗ್ಗಿತೆಂದು ಮುನಿತಾಯಮ್ಮ ಓಡಿದಳು. ಬಡಿಸಲು ಬಂದವಳು ಅಪ್ಪಯ್ಯಣ್ಣನ ಹೆಂಡತಿ ಮಾರಕ್ಕ. ಇದ್ದುದರಲ್ಲಿ ದೊಡ್ಡ ಮುದ್ದೆ ಗಂಡನಿಗೆ ಎಂಬುದು ಮಾರಕ್ಕ ಮದುವೆಯಾದಾಗಿನಿಂದ ನಡೆಸಿಕೊಂಡು ಬಂದ ವ್ರತ. ಅಂದಿನ ಮುದ್ದೆಗೆ ತುಪ್ಪ ಬಿಡಲು ಗುಳಿಯೂ ಸಿದ್ಧವಾಗಿತ್ತು. ತುಂಬ ತುಪ್ಪ ಬಿಟ್ಟು ಬಡಿಸಿದಳು.

ಸಂಘದ ಜಗಲಿಯಲ್ಲಿ ಅಪ್ಪಯ್ಯಣ್ಣ ಮಾತಾಡಲು ಎದ್ದ. "ಮಹಾಜನಗಳೇ, ಹಾಲು..." ಎಂದ. ಜನ ಕಾದರು. "ಹಾಲು..." ಎಂದು ಇನ್ನೊಮ್ಮೆ ಹೇಳಿ ಕುಳಿತು, ಎದುರಾಳಿ ಮುನಿಸ್ವಾಮಿಯ ಭುಜದ ಮೇಲೆ ತಲೆಯಿಟ್ಟ.

"ಹಗಲೊತ್ತೇ ಕುಡ್ಕೊಂಡ್ ಬಂದವ್ನೆ," ಎಂದ ಮುನಿಸ್ವಾಮಿ, ಭುಜ ಮಾತ್ರ ಸರಿಸಲಿಲ್ಲ. ಹೆಂಡದಂಗಡಿ ಎತ್ತಿಸಲು ಅರ್ಜಿ ಬರೆದವನೇ ಅಪ್ಪಯ್ಯಣ್ಣ. ಜನ ಮುಸಿಮುಸಿ ನಕ್ಕರು.

ಹಿಂದೆ ಕುಳಿತಿದ್ದ ಪಿಳ್ಳಪ್ಪ ಎದ್ದು ಬಂದು ಅಣ್ಣನ ಮುಖ ನೋಡಿದ.

"ಅಣ್ಣ, ಬಾಯಿ ಒಣಗ್ತದಾ?"

"ಹೂಂ."

"ನಾಲ್ಗೆ ದಪ್ಪ ಆದಂಗದೆಯಾ? ಎದ್ರೆ ಭೂಮಿ ತಿರುಗ್ತದಾ?"

"ನಿಂಗ್ಯಾರ್ ಹೇಳಿದ್ರ್ಲಾ?"

ಪಿಳ್ಳಪ್ಪ ಜನರ ಕಡೆ ತಿರುಗಿದ. "ಕುಡಿದಿಲ್ಲ ಕಣ್ರಪ್ಪ. ಇದು ನನ್ ಮಾತ್ರೆ." ಹೇಳಿದ ಮೇಲೆ ಆ ಮಾತು ಅವನಿಗೇ ಅರ್ಥವಾಗತೊಡಗಿತು. ಹಸುವಿನ ಹಗ್ಗ ಹಿಡಿದು ಬೀದಿಯಲ್ಲಿ ನಿಂತಿದ್ದ ಮುನಿತಾಯಮ್ಮನ ಮುಖ ಕಪ್ಪಿಟ್ಟಿತ್ತು.

ಮನೆಯಲ್ಲಿ ಅವಳು ಸೆರಗಿನ ಗಂಟಿನಿಂದ ಸೀಸೆ ಬಿಚ್ಚಿ ಗಂಡನ ಮುಂದಿಟ್ಟಳು. "ಮತ್ತೆ ಅಲ್ಲಿಗೇ ಕಳಿಸ್ಬಿಡ್ತಾರೆ ಅಂತ ಭಯ ಆಗಿ ಮಾಡ್ದೆ."

ಪಿಳ್ಳಪ್ಪನಿಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನೋವಾಯಿತು. ಅವಳನ್ನು ಕೊಟ್ಟಿಗೆಗೆ ಕರೆದೊಯ್ದು ಗೋಡೆ ತೋರಿಸಿದ. ಸಾಲಾಗಿ ಗೆರೆಗಳು, ನಡುವೆ ಒಂದೂ ತೆರಪಿಲ್ಲ.

"ಒಂದಿನಾನೂ ತಪ್ಪಿಲ್ಲ. ಬೆಳಿಗ್ಗೆ ಎದ್ದು ಎತ್ತು ಚೆಂದ ಕಾಣ್ತದಾ ಅಂತಾನೂ ನೋಡ್ತೀನಿ, ಕಂಡ್ರೆ ಬಸ್ಸು ಹತ್ತೋಕೆ. ನೀನು ಒಂದ್ಸಲ ಕೇಳಿದ್ರೆ ತೋರಿಸ್ತಿದ್ದೆ."

ಮುನಿತಾಯಮ್ಮ ಗೆರೆಗಳನ್ನು ನೋಡುತ್ತ ಅತ್ತಳು.

ಸಂಜೆ ಅಪ್ಪಯ್ಯಣ್ಣನಿಗೆ ಎಚ್ಚರವಾಯಿತು. ಗುಳಿ ಮುದ್ದೆ, ಗೋಡೆಯ ಗೆರೆ ಎರಡರ ಸಂಗತಿಯನ್ನೂ ಮಾರಕ್ಕ ಹೇಳಿದಳು. ಮುನಿಸ್ವಾಮಿ ಅಧ್ಯಕ್ಷನಾಗಿ ಹಾರ ಹಾಕಿಸಿಕೊಂಡು ಆಗಿತ್ತು.

"ಇದು ಎಷ್ಟೊತ್ತು ಇರ್ತದ್ಲಾ, ಪಿಳ್ಳ?"

"ಬೆಳಿಗ್ಗೆವರ್ಗೂ. ದಡಕ್ಕಂತ ಏಳ್ಬೇಡ, ಬಿದ್ಬಿಡ್ತೀಯ. ಮಗ್ಗುಲಾಗಿ, ಆಮೇಲೆ ಕೂತ್ಕೋ." ಪಿಳ್ಳಪ್ಪ ಅವನ ಬೆನ್ನಿಗೆ ಕೈಕೊಟ್ಟು ಮಜ್ಜಿಗೆ ಕುಡಿಸಿದ.

"ನೀನು ದಿನಾ ಇಂಥವು ಎರಡು ನುಂಗಿ..."

"ಹೂಂ."

"ಮೇಲೆ ಉಳುಮೆ ಬೇರೆ," ಎಂದು ಅಪ್ಪಯ್ಯಣ್ಣ ಮಜ್ಜಿಗೆಯ ಲೋಟ ಕೆಳಗಿಟ್ಟ. "ಸೋಮವಾರ ಒಬ್ನೇ ಹೋಗ್ಬರ್ತೀಯಾ? ಇದೆಲ್ಲಾ ನೀನೇ ಹೇಳು ಆಯಮ್ಮನಿಗೆ. ನಂಗೆ ಮುಖ ಇಲ್ಲ."

ಮರುದಿನ ಮಧ್ಯಾಹ್ನ ಮುನಿತಾಯಮ್ಮ ಪಿಳ್ಳಪ್ಪನ ಮುಂದೆ ಕುಳಿತು ಮುದ್ದೆಯನ್ನು ಎರಡು ಹೋಳು ಮಾಡಿ, ಒಳಗು ಕಾಣುವ ಹಾಗೆ ತಟ್ಟೆಯಲ್ಲಿಟ್ಟಳು.

"ಎತ್ತು ಹೆಂಗೆ ಕಾಣ್ತದೆ?" ಎಂದು ಮೊದಲ ಸಲ ಕೇಳಿದಳು.

"ಎತ್ತಿನ ಥರಾನೇ."

ಪಿಳ್ಳಪ್ಪ ಒಳಗೆ ನೋಡದೆ ಎರಡು ಹೋಳನ್ನೂ ಕೂಡಿಸಿದ. ನೆತ್ತಿಯ ಮೇಲೆ ಬೆರಳಿನಿಂದ ಒಂದು ಗುಳಿ ಒತ್ತಿ ತಟ್ಟೆಯನ್ನು ಮುಂದಕ್ಕೆ ತಳ್ಳಿದ. ಅವಳು ತುಪ್ಪ ಬಿಟ್ಟಳು.