ಯಾರ ಹೆಸರಿನ ಚೀಲ

"ನೀನು ಯಾರ ಜೊತೆ ಮಲಗ್ತೀಯ ಅಂತ ಕೋರ್ಟು ಕೇಳ್ತಿಲ್ಲಮ್ಮ. ಯಾರ ಹೆಸರಲ್ಲಿ ದುಡೀತೀಯ ಅಂತ ಕೇಳ್ತಿದೆ."

ಕೋರ್ಟಿನ ಗುಮಾಸ್ತ ಕಾಗದ ತಿರುಗಿಸಿ ಪಾಸ್ಕುವಾಲಾಳ ಮುಂದೆ ಹಿಡಿದ. ಅವಳಿಗೆ ಓದು ಬಾರದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಹಿಡಿದ.

ಅವಳ ಗಂಡ ಲಿಸಾಂದ್ರೊ ಕಾಫಿ ತೋಟದ ಮೇಸ್ತ್ರಿ. ಹದಿನೇಳು ವರ್ಷ ಬಾಳಿಸಿ, ಮ್ಯಾನೇಜರ ಅಡುಗೆಮನೆಯ ಹುಡುಗಿಯನ್ನು ಕಟ್ಟಿಕೊಂಡ. ಹೋದ ವರ್ಷ ಇದೇ ಕೋರ್ಟು ಮದುವೆ ಬಿಡಿಸಿ, ತಪ್ಪು ಗಂಡನದು, ತಿಂಗಳು ತಿಂಗಳು ಇವಳಿಗೆ ಜೀವನಾಂಶ ಕೊಡತಕ್ಕದ್ದು ಎಂದು ಹೇಳಿತ್ತು. ಆ ದುಡ್ಡಿನಿಂದಲೇ ಅವಳು ತೋಟದ ಕೂಲಿಗಳ ಲೈನ್ ಮನೆ ಬಿಟ್ಟು ಪೇಟೆಯಂಚಿನಲ್ಲಿ ಒಂದು ಕೋಣೆ ಹಿಡಿದಿದ್ದಳು. ಅದು ನಿಂತರೆ ಮತ್ತೆ ಲೈನಿಗೆ, ಲಿಸಾಂದ್ರೊನ ಕಣ್ಣಳತೆಗೆ.

"ಕಾನೂನು ಹೇಳೋದಿಷ್ಟು. ತಪ್ಪಿಲ್ಲದ ಹೆಂಡತಿಗೆ ಜೀವನಾಂಶ ಸಿಗುತ್ತೆ. ಎಲ್ಲಿವರೆಗೆ? ಇನ್ನೊಂದು ಮದುವೆ ಆಗೋವರೆಗೆ, ನಡತೆ ನೆಟ್ಟಗಿರೋವರೆಗೆ. ನಿನ್ನ ನಡತೆ ಸರಿಯಿಲ್ಲ ಅಂತ ಅವನು ಅರ್ಜಿ ಹಾಕಿದಾನೆ."

"ಅವನ ನಡತೆ?"

"ಅದನ್ನ ಕಾನೂನು ಕೇಳಲ್ಲ."

ಅವನು ಸಾಲುಗಳ ಮೇಲೆ ಬೆರಳಾಡಿಸಿದ. ಈ ಕೊಯ್ಲಿನ ಒಂಬತ್ತು ವಾರ ಅವಳು ಬಿಡಿಸಿದ ಹಣ್ಣೆಲ್ಲ ನಸಾರಿಯೊ ತುಮ್ ಎಂಬ ಗಂಡಸಿನ ಹೆಸರಿನಲ್ಲಿತ್ತು; ಹಾಗೆಂದು ತೋಟದ ಮ್ಯಾನೇಜರೇ ಬರೆದುಕೊಟ್ಟಿದ್ದ. "ತೂಕದ ಚೀಟಿ ಒಂದೇ ಅಂದಮೇಲೆ ಒಲೆನೂ ಒಂದೇ ಅಲ್ವಾ? ಸೋಮವಾರದೊಳಗೆ ನಿನ್ನ ಹೆಸರಿನ ಒಂದು ಚೀಟಿ ತಾ, ಜಡ್ಜಿಗೆ ತೋರಿಸೋಣ. ಇಲ್ದಿದ್ರೆ ನಿಂತುಹೋಗುತ್ತೆ."

ಇವನಿಗೆ ಎಷ್ಟು ತಿನ್ನಿಸಿದ್ದಾರೋ ಎಂದುಕೊಂಡಳು. ಹೆಬ್ಬೆಟ್ಟು ಒತ್ತು ಎಂದು ಇನ್ನೊಂದು ಹಾಳೆ ಮುಂದೆ ತಳ್ಳಿದ. "ವಿಷಯ ತಿಳಿಸಿದೀವಿ ಅಂತ, ಅಷ್ಟೆ." ಅಷ್ಟೆ ಅಂದವರ ಕಾಗದಕ್ಕೆ ಒತ್ತಿಯೇ ಅವಳಪ್ಪ ಹೊಲ ಕಳೆದುಕೊಂಡಿದ್ದ. ಅವಳು ಕೈಯನ್ನು ಹೊದ್ದ ಬಟ್ಟೆಯೊಳಗಿಟ್ಟುಕೊಂಡು ಎದ್ದುಬಂದಳು.

ತೋಟದಲ್ಲಿ ಹಣ್ಣು ಬಿಡಿಸುವುದು ಹೆಂಗಸರು. ತುಂಬಿದ ಚೀಲವನ್ನು ತೂಕದ ಕಟ್ಟೆಗೆ ಹೊರುವುದು ಗಂಡಸರು. ಹೊತ್ತವನ ಹೆಸರಿಗೇ ಚೀಟಿ, ಅವನ ಕೈಗೇ ಕೂಲಿ. ಅಮ್ಮ ಬಿಡಿಸಿದ್ದು ಅಪ್ಪನ ಹೆಸರಿಗೆ ಹೋಯಿತು, ಇವಳದು ಲಿಸಾಂದ್ರೊನ ಹೆಸರಿಗೆ. ಅವನು ಬಿಟ್ಟ ಮೇಲೆ ಲೈನಿನ ಕೊನೆಮನೆಯ ಮುದುಕ ನಸಾರಿಯೊ ಹೊರುತ್ತಿದ್ದ, ಚೀಲಕ್ಕೆ ನಾಲ್ಕು ಮುಸುಕಿನ ಜೋಳದ ರೊಟ್ಟಿಗೆ.

ಮುದುಕ ಹೊಸ್ತಿಲ ಮೇಲೆ ಕೂತು ಅಂಗಾಲಿನ ಮುಳ್ಳು ಕೀಳುತ್ತಿದ್ದ.

"ತಾತ, ಮ್ಯಾನೇಜರ ಹತ್ರ ಏನಂದೆ?"

"ದೊನ್ ಎವೆರಾರ್ದೊ ಕೇಳುದ್ರು, ಆ ಚೀಟಿ ನಿನ್ನವೇನ್ಲಾ ಅಂತ. ನನ್ನವೇ ಅಂದೆ. ಸುಳ್ಳಾ?"

"ದುಡ್ಡು ನಂಗೆ ಕೊಡ್ತಿದ್ದೆ ಅನ್ನದ?"

"ಅದ ಅವ್ರು ಕೇಳ್ನಿಲ್ಲ."

"ಏನ್ ಕೊಟ್ರು ನಿಂಗೆ?"

ಅವನು ತಲೆಯೆತ್ತಲಿಲ್ಲ. "ಮನೆ ಸೋರ್ತದೆ. ತಗಡು ಹಾಕುಸ್ತೀನಿ ಅಂದವ್ರೆ."

"ನಿನ್ನ ನನ್ ಮಿಂಡ ಅಂತ ಬರ್ಸವ್ರೆ. ಗೊತ್ತಾ?"

ನಸಾರಿಯೊ ಹಲ್ಲಿಲ್ಲದ ದವಡೆ ಬಿಟ್ಟು ನಕ್ಕ. "ಬರ್ಕಳ್ಳಿ ಬುಡವ್ವ. ಈ ವಯಸ್ನಲ್ಲಿ ಅದೂ ಒಂದ್ ಮರ್ವಾದಿನೇಯ." ಆಮೇಲೆ ನಗು ಇಳಿಯಿತು. "ನಾಳಿಂದ ಹೊರಕ್ಕಿಲ್ಲ ಕಣವ್ವ. ಹೊರಬ್ಯಾಡ ಅಂದವ್ರೆ."

ಶನಿವಾರ ಅವಳ ಸಾಲಿನತ್ತ ಒಬ್ಬ ಗಂಡಸೂ ಸುಳಿಯಲಿಲ್ಲ. ಇವರಲ್ಲಿ ಯಾರು ಮ್ಯಾನೇಜರ ಕಿವಿಗೆ ಊದಿದವರು ಎಂದು ಅವಳು ಒಬ್ಬೊಬ್ಬರ ಬೆನ್ನನ್ನೂ ನೋಡಿದಳು. ಪಕ್ಕದ ಗಿಡದ ಚೆಂತಾ, ಕೇಳುವ ಮೊದಲೇ ಉತ್ತರ ಕೊಟ್ಟಳು.

"ನಮ್ಮನೆಯವನ್ನ ಕೇಳಬ್ಯಾಡ ಕಣಕ್ಕ. ಇವತ್ ಹೊತ್ರೆ ನಾಳೀಕೆ ಅವನ ಹೆಸ್ರೂ ಬರೀತಾರೆ."

"ನಾನ್ ಕೇಳುದ್ನಾ?"

"ಇಲ್ಲ. ಹೇಳ್ದೆ, ಅಷ್ಟೆ."

ಇವಳೂ ‘ಅಷ್ಟೆ’ ಅಂದಳು, ಆ ಗುಮಾಸ್ತನ ಹಾಗೆ.

ಮೂರು ಗಂಟೆಗೆ ಪಾಸ್ಕುವಾಲಾ ಹೊದ್ದ ಬಟ್ಟೆಯನ್ನು ಹುರಿಮಾಡಿ ಚೀಲಕ್ಕೆ ಬಿಗಿದಳು. ಆ ಪಟ್ಟಿಯನ್ನು ಹಣೆಗೆ ಕೊಟ್ಟು, ಚೀಲ ಬೆನ್ನಿಗೇರಿಸಿ ಎದ್ದಳು. ಇಳಿಜಾರಿನಲ್ಲಿ ಎರಡು ಸಲ ಬಿದ್ದಳು. ಎರಡನೇ ಸಲ ಮೊಣಕಾಲಿನ ಚರ್ಮ ಕಿತ್ತುಬಂತು. ದಾರಿಯುದ್ದಕ್ಕೂ ಗಂಡಸರು ಬದಿಗೆ ಸರಿದು ಜಾಗ ಬಿಟ್ಟರು, ಹೆಣಕ್ಕೆ ಬಿಡುವ ಹಾಗೆ.

"ಯಾರ ಹೆಸರು?" ಕಟ್ಟೆಯಲ್ಲಿ ತೂಕ ಬರೆಯುವ ರೈಟರ್ ತಲೆಯೆತ್ತದೆ ಕೇಳಿದ.

"ಪಾಸ್ಕುವಾಲಾ ಚೊಕ್."

"ಹೊತ್ತವನ ಹೆಸರು ಕೇಳಿದ್ದು."

"ಹೊತ್ತೋಳು ನಾನೇ."

"ಹೆಂಗಸರ ಹೆಸರಿಗೆ ಚೀಟಿ ಹರಿಯೋ ಪದ್ಧತಿ ಇಲ್ಲ ಇಲ್ಲಿ."

ಕಟ್ಟೆಯ ಕಂಬಕ್ಕೊರಗಿದ್ದ ಲಿಸಾಂದ್ರೊ ಹಲ್ಲುಕಿರಿದ. "ನಂದೇ ಬರ್ಕೊಂಡು ಕಳ್ಸಯ್ಯ ಆ ಲೌಡೀನ. ಹಳೇ ಗಂಡ ತಾನೆ ನಾನು."

"ಹದಿನೇಳ್ ವರ್ಷ ನಿಂದೇ ಬರ್ಸಿದೀನಿ, ಬೋಳಿಮಗನೆ. ಸಾಕು."

ಅವಳು ಚೀಲವನ್ನು ತೂಕದ ಹಲಗೆಯ ಮೇಲೆ ಕೆಡವಿ, ಅದರ ಮೇಲೆ ಕೂತುಬಿಟ್ಟಳು. ತೂಕದ ಮುಳ್ಳು ಅತ್ತಿತ್ತ ಓಲಾಡಿತು.

ಹಿಂದೆ ನಲವತ್ತು ಚೀಲಗಳ ಸಾಲು. ಕತ್ತಲೆಗೆ ಮುಂಚೆ ಹಣ್ಣು ಸಿಪ್ಪೆ ಸುಲಿಯುವ ಪಲ್ಪರ್‌ಗೆ ಬೀಳದಿದ್ದರೆ ಕಾವು ಏರಿ ಹುಳಿನಾರುತ್ತದೆ. ದಿನದ ಹಣ್ಣೆಲ್ಲ ಹಾಳು. ಸಾಲಿನಿಂದ ಬೈಗುಳ ಶುರುವಾಯಿತು. "ಎದ್ದೇಳೇ ಮುಂಡೆ, ನಮ್ ಅನ್ನಕ್ಕೂ ಕಲ್ಲು ಹಾಕ್ತೀಯಾ?" ದನಿ ಯಾರದೆಂದು ಅವಳಿಗೆ ಗೊತ್ತಾಯಿತು. ಅವನ ಮಗಳ ಹೆರಿಗೆಗೆ ಇವಳು ರಾತ್ರಿಯಿಡೀ ಕೂತಿದ್ದಳು.

ಮ್ಯಾನೇಜರ ದೊನ್ ಎವೆರಾರ್ದೊ ಬಂದ. ಅವಳನ್ನಲ್ಲ, ಚೀಲಗಳನ್ನು ನೋಡಿದ. "ಎಳೀರೋ ಅವಳನ್ನ."

ಲಿಸಾಂದ್ರೊ ತೋಳು ಹಿಡಿಯಲು ಬಗ್ಗಿದ.

"ಮುಟ್ಟು" ಎಂದಳು ಪಾಸ್ಕುವಾಲಾ, ಮೆಲ್ಲಗೆ. "ಇವ್ರೆಲ್ರ ಮುಂದೆ ಮುಟ್ಟು. ಸೋಮವಾರ ಕೋರ್ಟಲ್ಲಿ ಯಾವ ಗಂಡ್ಸು ಮುಟ್ದ ಅಂತ ಕೇಳುದ್ರೆ, ಹೇಳಕ್ಕೆ ಒಂದ್ ಹೆಸ್ರಿರ್ತದೆ."

ಕೈ ಅಲ್ಲೇ ನಿಂತಿತು. ರೈಟರ್ ಮ್ಯಾನೇಜರನ ಮುಖ ನೋಡಿದ. ಮ್ಯಾನೇಜರ ಬಿಸಿಲು ನೋಡಿದ. ಚೀಲಗಳ ತಳದಿಂದ ಅಂಟು ರಸ ಇಳಿದು, ಕಣಜಗಳು ಬರತೊಡಗಿದ್ದವು.

ಆಗ ಚೆಂತಾ ತನ್ನ ಗಂಡನ ಬೆನ್ನ ಮೇಲಿದ್ದ ಚೀಲವನ್ನು ಎಳೆದು ಕೆಡವಿಕೊಂಡು, ಅದನ್ನು ದರದರ ಎಳೆಯುತ್ತ ಸಾಲು ಬಿಟ್ಟು ಮುಂದೆ ಬಂದಳು. ತನ್ನ ಪಕ್ಕ ಕೂರಲು ಬಂದಳೋ, ತನ್ನನ್ನು ನೂಕಿ ಮೊದಲು ತೂಗಿಸಿಕೊಳ್ಳಲು ಬಂದಳೋ, ಪಾಸ್ಕುವಾಲಾಗೆ ಗೊತ್ತಾಗಲಿಲ್ಲ. ಅವಳು ತಾನು ಕೂತ ಚೀಲದ ಬಾಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.