ಹಿಡಿಯಿಲ್ಲದ ಕಪಾಟುಗಳು

ಡಾಕ್ಟರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಅಂತ ದೊಡ್ಡವರು ಹೇಳುತ್ತಾರೆ. ಮನೆ ಡಿಸೈನ್ ಮಾಡಿಕೊಡುವವನ ಹೆಸರನ್ನು ಆ ಮಾತಿಗೆ ಯಾರೂ ಸೇರಿಸಿಲ್ಲ. ಸೇರಿಸಿದ್ದರೆ ದೊಡ್ಡಕ್ಕ ಕೇಳಿಬಿಡುತ್ತಿದ್ದಳೇ? ಎಲ್ಲಿಂದ ಬಂತು! ಹುಟ್ಟಿದಾಗಿನಿಂದ ಅವಳು ಯಾರ ಮಾತು ಕೇಳಿದವಳು?

ದೊಡ್ಡಕ್ಕ ಒಂದು ಹುಡುಗಿಯರ ಶಾಲೆಯ ಮುಖ್ಯೋಪಾಧ್ಯಾಯಿನಿ. ಅಪ್ಪ ಅಮ್ಮ ಬೇಗ ಹೋದರು. ತಂಗಿಗೆ ಜಡೆ ಹಾಕಿ, ಫೀಸು ಕಟ್ಟಿ, ಜ್ವರ ಬಂದಾಗ ಪಕ್ಕದಲ್ಲಿ ಕೂತು ಬೆಳೆಸಿದವಳು ಅವಳೇ. ಆ ತಂಗಿಗೆ ಈಗ ನಲವತ್ತು ದಾಟಿ ಕೂದಲು ನರೆತಿದೆ, ಆದರೂ ಹೆಸರು ಪುಟ್ಟಿ. ಪುಟ್ಟಿ ಒಂದು ಮುದ್ರಣಾಲಯಕ್ಕೆ ಕರಡು ತಿದ್ದಿಕೊಡುತ್ತಿದ್ದಳು. ಕಣ್ಣು ಕೈಕೊಟ್ಟ ಮೇಲೆ ಆ ಕೆಲಸ ಬಿಟ್ಟಳು. ಮೂರನೇ ಮಹಡಿಯ ಹಳೇ ಮನೆ. ಅಕ್ಕ ಬೆಳಿಗ್ಗೆ ಶಾಲೆಗೆ ಹೋದರೆ ಸಂಜೆಯವರೆಗೆ ಪುಟ್ಟಿಯೊಬ್ಬಳೇ. ಮೆಟ್ಟಿಲಲ್ಲಿ ಯಾರಾದರೂ ಎದುರಾಗಿ "ಹೇಗಿದ್ದೀಯಮ್ಮ ಪುಟ್ಟಿ?" ಅಂದರೆ, "ಚೆನ್ನಾಗಿದ್ದಾಳೆ, ಚೆನ್ನಾಗಿದ್ದಾಳೆ" ಅಂತ ದೊಡ್ಡಕ್ಕನೇ ಹೇಳಿ ಮುಂದೆ ಹೋಗುತ್ತಿದ್ದಳು. ಪುಟ್ಟಿ ಸುಮ್ಮನೆ ನಕ್ಕು ಹಿಂದೆ ಹೋಗುತ್ತಿದ್ದಳು.

ಕಣ್ಣಿನ ಡಾಕ್ಟರು ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಅಂಚಿನಿಂದ ಶುರುವಾದ ಕತ್ತಲೆ ಒಳಗೆ ಬರುತ್ತಿದೆ, ತಡೆಯುವುದು ಯಾರ ಕೈಲೂ ಇಲ್ಲ, ಕೊನೆಗೆ ಬೆಳಕಿದೆಯೋ ಇಲ್ಲವೋ ಅನ್ನುವಷ್ಟು ಗೊತ್ತಾದರೆ ಪುಣ್ಯ. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಪುಟ್ಟಿ ಅಳಲಿಲ್ಲ. ಅಕ್ಕನ ತೋಳು ಹಿಡಿದು ಒಂದೇ ಒಂದು ಬೇಡಿಕೆ ಇಟ್ಟಳು.

"ಅಕ್ಕಾ, ನನ್ನ ಎಲ್ಲಿಗೂ ಕಳಿಸ್ಬೇಡ. ನಮ್ಮನೇಲೇ ಇರ್ತೀನಿ. ನನ್ನ ಚಹಾ ನಾನೇ ಮಾಡ್ಕೊಂಡು, ನನ್ನ ಪಾಡಿಗೆ ನಾನು ಇರ್ತೀನಿ. ಅಷ್ಟು ಸಾಕು."

"ಹುಚ್ಚಿ! ನಿನ್ನ ಎಲ್ಲಿಗೆ ಕಳಿಸ್ಲಿ? ನನ್ನ ಉಸಿರಿರೋ ತನಕ ಆ ಮಾತಿಲ್ಲ" ಅಂದಳು ದೊಡ್ಡಕ್ಕ. ಮನಸಾರೆ ಅಂದಳು.

ಆವತ್ತಿನಿಂದ ಅವಳ ತಲೆಯಲ್ಲಿ ಒಂದೇ ಯೋಚನೆ ಕೊರೆಯತೊಡಗಿತು. ಮನೆಯೋ, ಹೊಗೆ ಹಿಡಿದ ಗೋಡೆ, ಮುಕ್ಕಾದ ಕಲ್ಲಿನ ಕಟ್ಟೆ, ಮುಚ್ಚಲಾರದ ಕಪಾಟು. ಪುಟ್ಟಿಯ ಕಣ್ಣು ಕೊನೆಯದಾಗಿ ನೋಡುವುದು ಈ ಕೊಳಕನ್ನೇ? ಒಂದು ಸಲವಾದರೂ ಅವಳು ಬೆಳ್ಳಗೆ ಹೊಳೆಯುವ ಮನೆಯನ್ನು ಕಣ್ತುಂಬ ನೋಡಬೇಡವೇ? ಪ್ರೀತಿಯಲ್ಲ ಅಂತ ಯಾರಾದರೂ ಅಂದಾರೇನು ಇದನ್ನು? ಅಂದರೆ ಅವರ ನಾಲಿಗೆ ಸುಡಬೇಕು. ಆದರೆ ಪ್ರೀತಿಯೊಂದೇ ಸಾಕಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

ಡಿಸೈನರ್ ಬಂದ. ಸಣ್ಣ ವಯಸ್ಸು, ಕಿವಿ ಮೇಲೆ ಪೆನ್ಸಿಲ್, ಬಡಗಿಯ ಹಾಗೆ. ಒಳಗೆ ಬಂದವನು ಬಣ್ಣದ ಮಾತೂ ಎತ್ತಲಿಲ್ಲ, ಅಳತೆ ಟೇಪೂ ತೆಗೆಯಲಿಲ್ಲ.

"ಮೇಡಂ, ನಂದೊಂದು ಪದ್ಧತಿ ಇದೆ. ಗೆರೆ ಎಳೆಯೋಕೆ ಮುಂಚೆ ಒಂದು ದಿನ ನಿಮ್ಮನೇಲಿ ಸುಮ್ನೆ ಕೂತಿರ್ತೀನಿ. ನೀವು ನಿಮ್ಮ ಕೆಲಸ ಮಾಡ್ಕೊಳ್ಳಿ. ನಾನೊಂದು ಕುರ್ಚಿ ಅಂದ್ಕೊಳ್ಳಿ."

"ಕುರ್ಚಿಗೆ ಕಣ್ಣಿರಲ್ವಲ್ಲಪ್ಪ!"

ಅವನು ನಕ್ಕ. "ಅದಕ್ಕೇ ಅದಕ್ಕೆ ಸಂಬಳ ಇಲ್ಲ. ಸರಿ, ಈ ಮನೇಲಿ ಹೆಚ್ಚು ಹೊತ್ತು ಇರೋರು ಯಾರು? ಅವರನ್ನ ನಾನು ನೋಡ್ಬೇಕು."

ದೊಡ್ಡಕ್ಕನ ಬಾಯಿಗೆ ಉತ್ತರ ಬಂದಿತ್ತು. ತಂಗಿ, ಅವಳಿಗೆ ಕಣ್ಣು ಹೋಗುತ್ತಿದೆ. ಇಷ್ಟೇ ಮಾತು. ಆದರೆ ಆ ಮಾತನ್ನು ಅವಳು ಇನ್ನೂ ಯಾರ ಮುಂದೆಯೂ ಆಡಿರಲಿಲ್ಲ. ಆಡಿದ ಕೂಡಲೇ ಈ ಹುಡುಗನ ಮುಖ 'ಅಯ್ಯೋ ಪಾಪ' ಅನ್ನುತ್ತದೆ, ಆಮೇಲೆ ಕೆಲಸದವರೆಲ್ಲ ಪುಟ್ಟಿಯನ್ನು ಗೊಂಬೆ ನೋಡಿದ ಹಾಗೆ ನೋಡುತ್ತಾರೆ. ಮನೆ ವಿಷಯ ಬೀದಿಗೆ ಯಾಕೆ?

"ನಾನೇ ಇರೋದು" ಅಂದುಬಿಟ್ಟಳು.

ಅವನು ಕೂರುವ ದಿನ ಗೊತ್ತಾಯಿತು. ಶಾಲೆಗೆ ರಜೆ ಇದ್ದ ದಿನವನ್ನೇ ದೊಡ್ಡಕ್ಕ ಆರಿಸಿದಳು. ಗೋಡೆ ಸವರಿಕೊಂಡು ಓಡಾಡುವ ಪುಟ್ಟಿ ಅವನ ಕಣ್ಣಿಗೆ ಬೀಳಬಾರದು ಅಂತ, ಚಿಕ್ಕಮ್ಮನ ಮಗಳ ಮನೆಗೆ ಹೊರಡಿಸಿದಳು. ಚಪ್ಪಲಿ ಹಾಕಿಕೊಳ್ಳುತ್ತಾ ಪುಟ್ಟಿ ಬಾಗಿಲಲ್ಲಿ ತಡೆದು ನಿಂತಳು.

"ಅಕ್ಕಾ, ನಾನೂ ಅವರ ಹತ್ರ ಒಂದೆರಡು ಮಾತು ಹೇಳ್ಬೇಕಿತ್ತು. ಅಡುಗೆಮನೇಲಿ ಆ ಕಟ್ಟೆ..."

"ಎಲ್ಲ ನಾನು ಹೇಳ್ತೀನಿ. ನಿನಗೇನು ಬೇಕು ಅಂತ ನನಗೆ ಗೊತ್ತಿಲ್ವಾ? ಎತ್ತಿ ಆಡಿಸಿದೋಳು ನಾನು."

ಪುಟ್ಟಿ ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡಳು.

ಅವನು ಹೇಳಿದ ಹಾಗೇ ಒಂದು ಮೂಲೆಯಲ್ಲಿ ಕೂತು ದಿನವಿಡೀ ನೋಡಿದ. ಏನು ನೋಡಿದ? ಉದ್ದಕ್ಕೆ ಬೆಳೆದ ಹೆಂಗಸು. ಅಟ್ಟದ ಮೇಲಿನ ಡಬ್ಬಿಯೂ ಬೆರಳ ತುದಿಗೆ ಸಿಗುತ್ತದೆ. ಹದ್ದಿನ ಕಣ್ಣು; ಎಲ್ಲಿ ಧೂಳು ಕೂತರೂ ಒರೆಸುತ್ತಾಳೆ. ಕಪಾಟಿನ ಹಿಡಿಗಳ ಸಂದಿಯಲ್ಲಿ ಜಿಡ್ಡು ಸೇರುತ್ತದೆ ಅಂತ ಗೊಣಗುತ್ತಾಳೆ. ಅವನು ನೋಡಿದ್ದನ್ನು ನೋಡಿದ ಹಾಗೇ ಕಾಗದಕ್ಕೆ ಇಳಿಸಿದ. ಅಡುಗೆಮನೆಗೂ ಹಜಾರಕ್ಕೂ ನಡುವಿನ ಗೋಡೆ ಇಲ್ಲ. ಬಿಳೀ ಕಪಾಟುಗಳ ಸಾಲು, ಒಂದಕ್ಕೂ ಹಿಡಿ ಇಲ್ಲ, ಒತ್ತಿದರೆ ತಾನೇ ತೆರೆದುಕೊಳ್ಳುತ್ತವೆ. ಒಲೆ ಅಂದರೆ ಒಂದು ಕಪ್ಪು ಗಾಜಿನ ಹಲಗೆ. ಗುಂಡಿಯಿಲ್ಲ, ತಿರುಪಿಲ್ಲ, ಬೆಳಕಿನ ಚುಕ್ಕಿ ಮುಟ್ಟಿದರೆ ಕಾಯುತ್ತದೆ.

ದೊಡ್ಡಕ್ಕ ಎಲ್ಲದಕ್ಕೂ ಹೂಂ ಅಂದಳು.

"ನೀವು ಬಹಳ ಸುಲಭದ ಗಿರಾಕಿ ಮೇಡಂ. ಯಾವುದನ್ನೂ ಬೇಡ ಅನ್ನಲ್ಲ. ನನಗೇ ಸ್ವಲ್ಪ ಹೆದರಿಕೆ ಆಗ್ತಿದೆ" ಅಂದ ಅವನು. ಆಮೇಲೆ, ಮಲಗುವ ಕೋಣೆಯ ಎರಡನೇ ಮಂಚದ ಕಡೆ ನೋಡುತ್ತಾ, "ಇನ್ನೊಬ್ಬರು ಇದ್ದಾರಲ್ಲ, ಅವರಿಗೂ ತೋರಿಸಿದ್ರಾ?" ಅಂತ ಕೇಳಿದ.

"ನನ್ನ ತಂಗಿ. ನನಗೆ ಇಷ್ಟವಾದದ್ದೇ ಅವಳಿಗೂ ಇಷ್ಟ. ಶುರು ಮಾಡಪ್ಪ, ಬೇಗ ಮುಗೀಬೇಕು."

ಬೇಗ ಯಾಕೆ ಅಂತ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಗೋಡೆ ಒಡೆಯುವ ಕೆಲಸ ಯಾವಾಗ ಹೇಳಿದ ಹೊತ್ತಿಗೆ ಮುಗಿದಿದೆ? ಗಾಜು ಬರುವುದು ತಡ, ಬಣ್ಣ ಒಣಗುವುದು ತಡ. ಕಣ್ಣಿಗೆ ಮಾತ್ರ ತಡವೆಂಬುದಿರಲಿಲ್ಲ. ಡಾಕ್ಟರು ಹೇಳಿದ್ದಕ್ಕಿಂತ ಬೇಗನೇ ಅದು ತನ್ನ ಕೆಲಸ ಮುಗಿಸುತ್ತಾ ಬಂತು. ಕೆಲಸ ಮುಗಿಯುವ ತನಕ ಪುಟ್ಟಿಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದ ಚಿಕ್ಕಮ್ಮನ ಮಗಳು ಫೋನ್ ಮಾಡಿ, "ದೊಡ್ಡಕ್ಕಾ, ಇವತ್ತು ಅವಳಿಗೆ ನನ್ನ ಮುಖ ಗೊತ್ತಾಗ್ಲಿಲ್ಲ" ಅಂದಾಗ ದೊಡ್ಡಕ್ಕ ಕೆಲಸದವರ ಮೇಲೆ ಹರಿಹಾಯ್ದಳು. ಅವರಿಗೇನು ಗೊತ್ತು ಪಾಪ, ಯಾವ ಗಡಿಯಾರದ ಜೊತೆ ತಾವು ಓಡುತ್ತಿದ್ದೇವೆ ಅಂತ!

ಕೊನೆಗೂ ಪುಟ್ಟಿ ಮನೆಗೆ ಬಂದಳು. ದೊಡ್ಡಕ್ಕ ಅವಳ ಎರಡೂ ಭುಜ ಹಿಡಿದು ಹೊಸ್ತಿಲ ಒಳಗೆ ನಿಲ್ಲಿಸಿದಳು.

"ನೋಡೇ, ನೋಡು! ಹೇಗಿದೆ?"

ಪುಟ್ಟಿ ಮುಖ ಅತ್ತ ಇತ್ತ ತಿರುಗಿಸಿದಳು. "ಬೆಳಕು ಗೊತ್ತಾಗ್ತಿದೆ ಅಕ್ಕಾ. ತುಂಬಾ ಬೆಳಕು. ಚೆನ್ನಾಗಿದೆ."

ಅಷ್ಟು ಹೇಳಿ ಎಡಗೈ ಚಾಚಿ, ಅಡುಗೆಮನೆಯ ಕಡೆ ಹೆಜ್ಜೆ ಇಟ್ಟಳು. ಕೈಗೆ ಏನೂ ಸಿಗಲಿಲ್ಲ. ಮುಗ್ಗರಿಸಿ, ಹೇಗೋ ಸಾವರಿಸಿಕೊಂಡು ನಿಂತಳು.

"ಗೋಡೆ ಎಲ್ಲಿ ಅಕ್ಕಾ?"

"ತೆಗೆಸಿಬಿಟ್ಟೆ! ಎಷ್ಟು ದೊಡ್ಡದಾಗಿ ಕಾಣ್ತದೆ ಗೊತ್ತಾ?"

ಪುಟ್ಟಿ ಚಾಚಿದ ಕೈಯನ್ನು ನಿಧಾನವಾಗಿ ಇಳಿಸಿದಳು.

ಮರುದಿನ ಸಂಜೆ ದೊಡ್ಡಕ್ಕ ಶಾಲೆಯಿಂದ ಬಂದಾಗ ಪುಟ್ಟಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಕಪಾಟಿನ ಬಾಗಿಲುಗಳು ಒಂದು ಅರ್ಧ, ಒಂದು ಪೂರ್ತಿ, ಸಿಕ್ಕ ಸಿಕ್ಕ ಹಾಗೆ ತೆರೆದಿದ್ದವು. ಒರಗಿದರೆ ಸಾಕು, ಚಿಮ್ಮಿ ಬಂದು ಬಡಿಯುತ್ತಿದ್ದವು, ಹಣೆಯಲ್ಲಿ ಗಾಯ. ಸಕ್ಕರೆ ನೆಲದ ತುಂಬ ಚೆಲ್ಲಿತ್ತು. ಬಲ ಅಂಗೈ ಕೆಂಪಗೆ ಬೊಬ್ಬೆ ಎದ್ದಿತ್ತು. ಒಲೆಯ ಗಾಜು ಯಾವಾಗ ಕಾದಿತ್ತು, ಎಲ್ಲಿ ಕಾದಿತ್ತು ಅಂತ ಅವಳಿಗೆ ತಿಳಿದದ್ದು ಕೈಯಿಟ್ಟ ಮೇಲೆಯೇ.

"ಬೆಳಿಗ್ಗೆಯಿಂದ ಒಂದು ಲೋಟ ಚಹಾ ಕುಡಿಯೋಣ ಅಂತಿದ್ದೆ" ಅಂದಳು.

ದೊಡ್ಡಕ್ಕ ಮುಲಾಮು ಹಚ್ಚುತ್ತಾ ಅತ್ತಳು. ಡಿಸೈನರನ ಕುಲ ಗೋತ್ರ ಜಾಲಾಡಿದಳು. ಪುಟ್ಟಿ ಮಧ್ಯೆ ತಡೆದಳು.

"ಅವರನ್ನ ಯಾಕೆ ಬೈತೀಯ? ಅಕ್ಕಾ, ನೀನು ಶಾಲೆಗೆ ಹೋದ್ಮೇಲೆ ನಾನು ಕಣ್ಣಿಗೆ ಬಟ್ಟೆ ಕಟ್ಕೊಂಡು ಓಡಾಡ್ತಿದ್ದೆ. ಡಾಕ್ಟರ್ ಹೇಳೋಕೆ ಮುಂಚಿನಿಂದಲೂ. ಕಟ್ಟೆ ಕಲ್ಲು ಮುಕ್ಕಾಗಿತ್ತಲ್ಲ, ಅಲ್ಲಿಂದ ಒಂದು ಗೇಣಿಗೆ ಒಲೆ. ಹಿಡಿ ಲೊಡಲೊಡ ಅಂತಿತ್ತಲ್ಲ, ಅದು ಚಹಾಪುಡಿ ಕಪಾಟು. ಗೋಡೆಯಲ್ಲಿ ಬಿರುಕು ಸಿಕ್ಕಿದ್ರೆ ಬಚ್ಚಲ ಬಾಗಿಲು ಬಂತು ಅಂತ. ಇಡೀ ಮನೇನ ಕೈಯಲ್ಲೇ ಬಾಯಿಪಾಠ ಮಾಡಿದ್ದೆ. ಕಣ್ಣು ಹೋದ್ರೂ ನಿನಗೆ ಭಾರ ಆಗದ ಹಾಗೆ ಇರ್ಬಹುದು ಅಂತ ಧೈರ್ಯ ಬಂದಿತ್ತು."

"ಮೊದಲೇ ಯಾಕೇ ಹೇಳ್ಲಿಲ್ಲ?"

"ಹೇಳೋಕೆ ಬಂದೆನಲ್ಲ ಅಕ್ಕಾ."

ದೊಡ್ಡಕ್ಕನ ಕೈಯಲ್ಲಿದ್ದ ಮುಲಾಮಿನ ಡಬ್ಬಿ ಹಾಗೇ ನಿಂತಿತು.

ಡಿಸೈನರನಿಗೆ ಹೇಳಿ ಕಳಿಸಿದಳು. ಅವನು ಬಂದು, ಪುಟ್ಟಿಯ ಕೈಯ ಪಟ್ಟಿ ನೋಡಿ, ಗೋಡೆ ಇದ್ದ ಜಾಗದಲ್ಲಿ ನೆಲದ ಮೇಲೇ ಕುಕ್ಕರಿಸಿಬಿಟ್ಟ.

"ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಮೇಡಂ. ಗೋಡೆ ಮುಟ್ತಾನೇ ಇರ್ಲಿಲ್ಲ. ಆ ಕಲ್ಲನ್ನ ಹಾಗೇ ಉಳಿಸ್ತಿದ್ದೆ." ಮತ್ತೆ ತಾನೇ ಅಂದ, "ತಪ್ಪು ನಂದೂ ಇದೆ. ಎರಡನೇ ಮಂಚ ನೋಡಿದ್ದೆ. ಗಿರಾಕಿ ಒಪ್ಕೊಂಡ್ರಲ್ಲ, ನನಗ್ಯಾಕೆ ಅಂತ ಸುಮ್ಮನಾದೆ."

ಆಮೇಲೆ ಪುಟ್ಟಿಯ ಕಡೆ ತಿರುಗಿದ. "ನೀವು ಹೇಳಿ. ನಿಮಗೆ ಹೇಗೆ ಬೇಕು?"

ಪುಟ್ಟಿ ಏನೋ ಹೇಳಲು ಹೊರಟಳು.

"ಅವಳಿಗೆ ಎಲ್ಲ ಕಡೆ ಹಿಡಿ ಹಾಕ್ಸು. ಗೋಡೆ ಉದ್ದಕ್ಕೂ ಒಂದು ಕಂಬಿ ಬಿಡು. ಹಳೇ ಒಲೆ ವಾಪಸ್ ತರಿಸು" ಅಂದಳು ದೊಡ್ಡಕ್ಕ, ಒಂದೇ ಉಸಿರಿಗೆ.

ಇಬ್ಬರೂ ಅವಳ ಕಡೆ ಮುಖ ಮಾಡಿದರು. ಪುಟ್ಟಿಗೆ ನಗು ಬಂತು. ನಕ್ಕಳು, ಜೋರಾಗಿ ನಕ್ಕಳು, ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ನಗು ಕೇಳಿ ದೊಡ್ಡಕ್ಕನಿಗೆ ಯಾಕೋ ಹೆದರಿಕೆಯಾಯಿತು.

ಹೆದರಿದ್ದು ಸುಳ್ಳಾಗಲಿಲ್ಲ. ಪುಟ್ಟಿ ಚಿಕ್ಕಮ್ಮನ ಮಗಳ ಮೂಲಕ ವಿಚಾರಿಸಿಟ್ಟಿದ್ದಳು. ಕಣ್ಣು ಕಳೆದುಕೊಂಡ ದೊಡ್ಡವರಿಗೆ ಮನೆಗೆಲಸ, ಓಡಾಟ ಎಲ್ಲ ಕಲಿಸುವ ಜಾಗವೊಂದಿತ್ತು, ಅಲ್ಲೇ ವಸತಿ. ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬುವಾಗ ದೊಡ್ಡಕ್ಕ ಅವಳ ಕೈ ಹಿಡಿದುಕೊಂಡಳು.

"ಕಳಿಸ್ಬೇಡ ಅಂತ ನೀನೇ ಅಂದಿದ್ದೆಯಲ್ಲೇ! ನಾನು ಮಾತು ಕೊಟ್ಟಿದ್ದೆನಲ್ಲೇ!"

"ನೀನೆಲ್ಲಿ ಕಳಿಸ್ತಿದ್ದೀಯ ಅಕ್ಕಾ? ನಾನೇ ಹೋಗ್ತಿದ್ದೀನಿ." ಪುಟ್ಟಿ ಅಕ್ಕನ ಕೆನ್ನೆ ಹುಡುಕಿ ಸವರಿದಳು. "ಹೊಸ ಮನೇನೂ ಕಲೀಬಹುದು. ನಿನ್ನ ಪಕ್ಕದಲ್ಲಿದ್ದು ಕಲಿಯೋಕೆ ಆಗಲ್ಲ. ನನಗೆ ಬಾಯಾರಿಕೆ ಆಗೋಕೆ ಮುಂಚೆ ನೀನು ನೀರು ತಂದಿಡ್ತೀಯ. ಕೋಪ ಇಲ್ಲ ಅಕ್ಕಾ. ನಿನ್ನಷ್ಟು ನನ್ನ ಯಾರು ಪ್ರೀತಿಸಿದ್ದಾರೆ? ಆದ್ರೆ ನನಗೆ ಉಸಿರು ಕಟ್ತದೆ."

ಹೋದಳು.

ಹಿಡಿ, ಕಂಬಿಯ ಮಾತು ಅಲ್ಲಿಗೇ ನಿಂತಿತು. ಮನೆಯಲ್ಲಿ ದೊಡ್ಡಕ್ಕನೊಬ್ಬಳೇ ಉಳಿದಳು. ಎಲ್ಲವೂ ಅವಳ ಕೈಗೆ ಸರಿಯಾಗಿ ಎಟುಕುತ್ತಿತ್ತು, ಒಂದು ಚೂರು ಧೂಳು ಕೂರುತ್ತಿರಲಿಲ್ಲ. ಅವಳಿಗೆ ಊಟ ಸೇರುತ್ತಿರಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ತಡೆಯಲಾರದೆ ಡಿಸೈನರನನ್ನು ಮತ್ತೆ ಕರೆಸಿದಳು. ಅವನ ಮುಂದೆ ತನ್ನದೇ ಒಂದು ನಕ್ಷೆ ಹರವಿದಳು. ಗೋಡೆ ಇಲ್ಲಿ, ಒಲೆ ಇಲ್ಲಿ, ಹಿಡಿ ಹೀಗೆ. ಅವನು ಅದನ್ನು ನೋಡಲೂ ಇಲ್ಲ.

"ಅವರನ್ನ ಕೇಳಿದ್ರಾ ಮೇಡಂ?"

ದೊಡ್ಡಕ್ಕ ನಕ್ಷೆಯ ಮೇಲಿಂದ ಕೈ ತೆಗೆದಳು.

"ಕೇಳಿ. ನಾನು ಇಲ್ಲೇ ಕೂತಿರ್ತೀನಿ. ಅವರ ಬಾಯಿಂದ ಬರೋ ತನಕ ಒಂದು ಗೆರೇನೂ ಎಳೆಯಲ್ಲ."

ದೊಡ್ಡಕ್ಕ ಫೋನ್ ಹಚ್ಚಿದಳು. ಅತ್ತ ಕಡೆ ಪಾತ್ರೆಗಳ ಸದ್ದು, ಯಾರೋ ಹೆಂಗಸರ ನಗು. ಪುಟ್ಟಿಯ ದನಿ ಗಟ್ಟಿಯಾಗಿತ್ತು.

"ಅಕ್ಕಾ! ಊಟ ಆಯ್ತಾ? ಈಗಷ್ಟೇ ಎಲ್ಲರಿಗೂ ಚಹಾ ಮಾಡ್ಕೊಟ್ಟೆ."

"ಪುಟ್ಟೀ..." ದೊಡ್ಡಕ್ಕ ಹೇಳಬೇಕು ಅಂತ ತುಟಿಗೆ ಬಂದ ಹತ್ತು ಮಾತುಗಳನ್ನು ನುಂಗಿದಳು. "ಪುಟ್ಟೀ, ನಮ್ಮ ಅಡುಗೆಮನೆ ಹೇಗಿರ್ಬೇಕು? ನೀನೇ ಹೇಳು. ನಾನು ಸುಮ್ನೆ ಕೇಳ್ತೀನಿ."

ದೊಡ್ಡಕ್ಕ ತುಟಿ ಕಚ್ಚಿಕೊಂಡು ಕಾದಳು.

"ಈಗ ಯಾಕಕ್ಕಾ?" ಪುಟ್ಟಿಯ ದನಿ ಮೆತ್ತಗಾಗಿತ್ತು. "ಇಲ್ಲಿ ನನಗೆ ಒಂದು ಕೋಣೆ ಕೊಟ್ಟಿದ್ದಾರೆ. ಹೊಸಬರಿಗೆ ಕಲಿಸೋ ಕೆಲಸಾನೂ ಕೊಟ್ಟಿದ್ದಾರೆ. ನಾನು ಇಲ್ಲೇ ಇರ್ತೀನಿ. ಅಲ್ಲಿ ಇರೋಳು ನೀನು. ನಿನಗೆ ಹೇಗೆ ಬೇಕೋ ಹಾಗಿರ್ಲಿ."

ಫೋನ್ ಕೆಳಗಿಟ್ಟ ಮೇಲೂ ದೊಡ್ಡಕ್ಕ ಅದನ್ನೇ ನೋಡುತ್ತಾ ನಿಂತಳು. ಡಿಸೈನರ್ ಪೆನ್ಸಿಲ್ ಕೈಯಲ್ಲಿ ಹಿಡಿದು ಕಾಯುತ್ತಿದ್ದ.

"ಏನಂದ್ರು ಮೇಡಂ?"

ದೊಡ್ಡಕ್ಕ ತಂಗಿಯ ಮಾತಿಗೆ ಒಂದನ್ನೂ ಕೂಡಿಸದೆ, ಒಂದನ್ನೂ ಬಿಡದೆ, ಅವಳು ಹೇಳಿದ ಹಾಗೇ ಹೇಳಿದಳು. ಅವನು ಕಾಗದ ಮಡಚಿಕೊಂಡು, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಹೋದ.